ಬಾಗಿದ ಶೀಟಿನ ಅಂಚಿಗೆ ಫ್ಲ್ಯಾಂಜ್: ನಾನು ಮಾಡಿದ ಬಗೆ

ಫ್ಲ್ಯಾಂಜ್ ಅಂದರೆ ಲೋಹದ ಶೀಟಿನ ಅಂಚಿನಲ್ಲಿ ಹೊರಕ್ಕೋ ಒಳಕ್ಕೋ ತಿರುಗಿ ನಿಲ್ಲುವ ಪಟ್ಟಿ. ನೇರ ಅಂಚಿಗೆ ಅದನ್ನು ಕೊಡುವುದು ದೊಡ್ಡ ಕೆಲಸವೇ ಅಲ್ಲ. ಡಿಸೈನ್ ಸಾಫ್ಟ್‌ವೇರ್ ಸಾಲಿಡ್‌ವರ್ಕ್ಸ್‌ನಲ್ಲಿ ಎಡ್ಜ್ ಫ್ಲ್ಯಾಂಜ್ ಕಮಾಂಡ್ ತೆಗೆದು, ಅಂಚು ಆರಿಸಿ, ಎತ್ತರ ಹಾಕಿದರೆ ಮುಗಿಯಿತು. ಅಂಚು ಬಾಗಿದ್ದರೆ ಮಾತ್ರ ತಲೆ ಕೆಡುತ್ತದೆ.

ನನಗೆ ಬೇಕಿದ್ದದ್ದು ಬೆಲ್ಟ್ ಮುಚ್ಚುವ ಒಂದು ಗಾರ್ಡ್. 1.5 ಮಿ.ಮೀ. ಮೈಲ್ಡ್ ಸ್ಟೀಲ್ ಶೀಟು. ಒಳ ರೇಡಿಯಸ್ 200 ಮಿ.ಮೀ. ಇರುವ ಅರ್ಧ ಸಿಲಿಂಡರ್. ಅದರ ಕಮಾನಿನ ಅಂಚಿಗೆ ಹೊರಗಡೆ ತಿರುಗಿದ, 20 ಮಿ.ಮೀ. ಅಗಲದ ಫ್ಲ್ಯಾಂಜ್ ಬೇಕಿತ್ತು, ಬೋಲ್ಟ್ ಹಾಕಲು. ಸಾಲಿಡ್‌ವರ್ಕ್ಸ್‌ನಲ್ಲಿ ಇದಕ್ಕೆ ಸ್ವೆಪ್ಟ್ ಫ್ಲ್ಯಾಂಜ್ ಅನ್ನುವ ಕಮಾಂಡ್ ಇದೆ. ಒಂದು ತೆರೆದ ಗೆರೆ ಪ್ರೊಫೈಲ್ (ಫ್ಲ್ಯಾಂಜಿನ ಅಡ್ಡ ಆಕಾರ) ಆಗುತ್ತದೆ, ಕಮಾನಿನ ಅಂಚೇ ಪಾತ್ (ಅದು ಸಾಗುವ ದಾರಿ) ಆಗುತ್ತದೆ. ಪರದೆಯ ಮೇಲೆ ಚೆಂದವಾಗಿಯೇ ಬಂತು.

ಆದರೆ ನನಗೆ ಬೇಕಿದ್ದದ್ದು ಒಂದೆರಡು ಪೀಸ್ ಅಷ್ಟೇ. ಹಾಗಾಗಿ ಮುಂದೆ ಹೋಗುವ ಮೊದಲು ಕ್ಯಾಲ್ಕುಲೇಟರ್ ಹಿಡಿದೆ. ಅರ್ಧ ಸುತ್ತಿಗೆ ಶೀಟಿನ ಅಂಚಿನ ಉದ್ದ ಸುಮಾರು 628 ಮಿ.ಮೀ. ಫ್ಲ್ಯಾಂಜಿನ ಹೊರ ಅಂಚು 220 ರೇಡಿಯಸ್‌ನಲ್ಲಿರುವುದರಿಂದ ಅದರ ಉದ್ದ ಸುಮಾರು 691. ನಡುವಿನ 63 ಮಿ.ಮೀ. ಎಲ್ಲಿಂದ ಬರಬೇಕು? ಲೋಹವೇ ಹಿಗ್ಗಬೇಕು, ಶೇಕಡಾ 10ರಷ್ಟು. ಬರೀ ಮಡಿಸಿದರೆ ಅದು ಆಗುವುದಿಲ್ಲ. ಡೈ (ಒತ್ತಿ ಆಕಾರ ಕೊಡುವ ಅಚ್ಚು) ಬೇಕು, ಇಲ್ಲವೇ ಕೈಯಲ್ಲಿ ಬಡಿದು ಹಿಗ್ಗಿಸುವವರು ಬೇಕು. ಅಂಚಿನಲ್ಲಿ ಬರ್ (ಕತ್ತರಿಸಿದಾಗ ಉಳಿಯುವ ಚೂಪು ಏಣು) ಉಳಿದಿದ್ದರೆ ಬಿರುಕು ಅಲ್ಲಿಂದಲೇ ಶುರುವಾಗುತ್ತದೆ. ಫ್ಲ್ಯಾಂಜ್ ಒಳಗಡೆ ತಿರುಗಿದ್ದರೆ ಉಲ್ಟಾ: ಲೋಹ ಕುಗ್ಗಬೇಕು, ಆಗ ಸುಕ್ಕು ಬೀಳುತ್ತದೆ.

ಫ್ಲ್ಯಾಂಜನ್ನು ತುಂಡು ತುಂಡು ನಾಲಿಗೆಗಳಾಗಿ ಸೀಳುವುದು ಇನ್ನೊಂದು ದಾರಿ. ಹೊರಗೆ ಮಡಿಸುವಾಗ ನೇರ ಸೀಳು ತಾನಾಗಿಯೇ ವಿ ಆಕಾರಕ್ಕೆ ತೆರೆದುಕೊಳ್ಳುತ್ತದೆ. ಒಳಗೆ ಮಡಿಸುವುದಾದರೆ ಫ್ಲಾಟ್ ಶೀಟ್‌ನಲ್ಲೇ ವಿ ನಾಚ್ (ವಿ ಆಕಾರದ ಕಚ್ಚು) ಕೊಡಬೇಕು, ಇಲ್ಲದಿದ್ದರೆ ನಾಲಿಗೆಗಳು ಒಂದರ ಮೇಲೊಂದು ಬರುತ್ತವೆ. ನನಗೆ ಇದು ಹಿಡಿಸಲಿಲ್ಲ. ನಾಲಿಗೆ ಮೊದಲೇ ಮಡಿಸಿದರೆ ಶೀಟು ಕಮಾನಾಗಿ ಬಾಗಿಸುವ ರೋಲಿಂಗ್ ಮೆಷಿನ್‌ಗೆ ಹೋಗುವುದಿಲ್ಲ, ರೋಲ್ ಮಾಡಿದ ಮೇಲೆ ಅಂಚು ಮಡಿಸುವ ಪ್ರೆಸ್ ಬ್ರೇಕ್‌ಗೆ ಸಿಗುವುದಿಲ್ಲ. ಒಂದೊಂದನ್ನೂ ಕೈಯಲ್ಲೇ ಬಗ್ಗಿಸಬೇಕು.

ಕೊನೆಗೆ ಸ್ವೆಪ್ಟ್ ಫ್ಲ್ಯಾಂಜ್ ಅಳಿಸಿ, ಒಂದೇ ಪಾರ್ಟ್ ಫೈಲ್‌ನಲ್ಲಿ ಎರಡು ಬಾಡಿ (ಬೇರೆ ಬೇರೆ ತುಂಡು) ಮಾಡಿದೆ. ಒಂದು ರೋಲ್ ಮಾಡುವ ಶೀಟು. ಇನ್ನೊಂದು ಫ್ಲ್ಯಾಂಜ್, ಅಂದರೆ ಲೇಸರ್‌ನಲ್ಲಿ ಕತ್ತರಿಸುವ ಚಪ್ಪಟೆ ಕಮಾನು, 190ರಿಂದ 220 ರೇಡಿಯಸ್‌ವರೆಗೆ. ಇದರಲ್ಲಿ ಬೆಂಡೇ ಇಲ್ಲ, ಹಾಗಾಗಿ ಹಿಗ್ಗುವ ಮಾತೂ ಇಲ್ಲ. ಒಳಗಡೆ 10 ಮಿ.ಮೀ. ಜಾಸ್ತಿ ಬಿಟ್ಟಿದ್ದು ಶೀಟನ್ನು ಕೂರಿಸುವ ಕಿಂಡಿಗಳ, ಅಂದರೆ ಸ್ಲಾಟ್‌ಗಳ ಸುತ್ತ ಲೋಹ ಉಳಿಯಲಿ ಅಂತ. ಶೀಟಿನ ಅಂಚಿನಲ್ಲಿ 10 ಮಿ.ಮೀ. ಅಗಲದ ಚಾಚಿದ ಹಲ್ಲುಗಳು, ಅಂದರೆ ಟ್ಯಾಬ್‌ಗಳು, ಕಮಾನಿನಲ್ಲಿ ಅವಕ್ಕೆ ತಕ್ಕ ಸ್ಲಾಟ್‌ಗಳು.

ಟ್ಯಾಬ್ ಬಾಗಿರುತ್ತದೆ, ಸ್ಲಾಟ್ ನೇರ ಇದ್ದರೆ ಸಾಕೇ? ಸಾಕು. 200 ರೇಡಿಯಸ್‌ನಲ್ಲಿ 10 ಮಿ.ಮೀ. ಅಗಲಕ್ಕೆ ಬರುವ ಉಬ್ಬು 0.06 ಮಿ.ಮೀ. ಮಾತ್ರ. ಸ್ಲಾಟ್ ಅಗಲ 1.7 ಇಟ್ಟೆ, ಅದರಲ್ಲೇ ಅಡಗುತ್ತದೆ. ಟ್ಯಾಬ್‌ನ ಎತ್ತರ 1.2, ಕಮಾನಿನ ದಪ್ಪಕ್ಕಿಂತ ಸ್ವಲ್ಪ ಕಡಿಮೆ. ಇಲ್ಲದಿದ್ದರೆ ಕೂರುವ ಮುಖದಲ್ಲಿ ತುದಿಗಳು ಎದ್ದು ನಿಂತು, ಸುಮ್ನೆ ಗ್ರೈಂಡಿಂಗ್ ಕೆಲಸ ಹೆಚ್ಚುತ್ತದೆ.

ರೋಲ್ ಮಾಡುವಾಗ ಶೀಟಿನ ಎರಡೂ ತುದಿ ಸ್ವಲ್ಪ ನೇರವಾಗಿಯೇ ಉಳಿಯುತ್ತದೆ. ಅದಕ್ಕೇ ಸ್ಕೆಚ್‌ನಲ್ಲಿ ಕಮಾನಿನ ಎರಡೂ ತುದಿಗೆ 30 ಮಿ.ಮೀ. ನೇರ ಗೆರೆ ಟ್ಯಾಂಜೆಂಟ್ ಆಗಿ (ಸೇರುವಲ್ಲಿ ಮೂಲೆ ಬಾರದಂತೆ) ಸೇರಿಸಿದೆ. ಫ್ಲ್ಯಾಂಜಿಗೂ ಅಷ್ಟೇ ಉದ್ದದ ಕಾಲು ಕೊಟ್ಟೆ. ಇದರಿಂದ ಇನ್ನೊಂದು ಅನುಕೂಲವೂ ಆಯಿತು: ತುದಿ ನೇರ ಇರುವುದರಿಂದ ಅಲ್ಲಿ ಎಡ್ಜ್ ಫ್ಲ್ಯಾಂಜ್‌ನಿಂದಲೇ ಪಾದ ಕೊಡಬಹುದು. ಮಡಿಸಿದಾಗ ಹಿಗ್ಗದ, ಕುಗ್ಗದ ಪದರ ಶೀಟಿನ ದಪ್ಪದಲ್ಲಿ ಒಳಗಡೆಯಿಂದ ಎಷ್ಟನೇ ಭಾಗದಲ್ಲಿದೆ ಅನ್ನುವುದೇ ಕೆ ಫ್ಯಾಕ್ಟರ್. ಒಳ ರೇಡಿಯಸ್ 2, ಕೆ ಫ್ಯಾಕ್ಟರ್ 0.44 ಇಟ್ಟರೆ 90 ಡಿಗ್ರಿ ಬೆಂಡ್ ತಿನ್ನುವ ಉದ್ದ 4.18 ಮಿ.ಮೀ.

ಕಮಾನಿನ 200 ಮಿ.ಮೀ.ನಷ್ಟು ದೊಡ್ಡ ರೇಡಿಯಸ್‌ಗೆ ಕೆ ಫ್ಯಾಕ್ಟರ್ 0.5ರ ಹತ್ತಿರ ಇರಬೇಕು ಅನ್ನುವುದು ಸರಿಯೇ. ಲೆಕ್ಕ ಹಾಕಿದರೆ 0.44ಕ್ಕೂ 0.5ಕ್ಕೂ ಇರುವ ವ್ಯತ್ಯಾಸ ಇಡೀ ಕಮಾನಿಗೆ 0.28 ಮಿ.ಮೀ. ರೋಲ್ ಮಾಡಿದ ಶೀಟಿನಲ್ಲಿ ಅದನ್ನು ಯಾರು ಅಳೆಯುತ್ತಾರೆ? ಬಿಟ್ಟುಬಿಟ್ಟೆ.

ನೂರಾರು ಪೀಸ್ ಬೇಕಾಗಿ, ಡೈ ಮಾಡಿಸುವುದೇ ಆಗಿದ್ದರೆ ನಾನೂ ಸ್ವೆಪ್ಟ್ ಫ್ಲ್ಯಾಂಜನ್ನೇ ಉಳಿಸಿಕೊಳ್ಳುತ್ತಿದ್ದೆ. ಆದರೆ ಅದರ ಫ್ಲಾಟ್ ಪ್ಯಾಟರ್ನ್ (ಬಿಡಿಸಿದ ಚಪ್ಪಟೆ ಆಕಾರ) ಲೇಸರ್‌ಗೆ ಕಳಿಸುತ್ತಿರಲಿಲ್ಲ. ಮಡಿಸಿದ ರೂಪದ ಮಾಡೆಲನ್ನು ಡೈ ಮಾಡುವವರಿಗೆ ಕೊಟ್ಟು, ಬ್ಲಾಂಕ್, ಅಂದರೆ ಡೈಗೆ ಹಾಕುವ ಚಪ್ಪಟೆ ತುಂಡಿನ ಆಕಾರವನ್ನು ಅವರೇ ಟ್ರಯಲ್ ತೆಗೆದು ನಿರ್ಧರಿಸಲಿ ಅಂತ ಡ್ರಾಯಿಂಗ್‌ನಲ್ಲಿ ಬರೆಯುತ್ತಿದ್ದೆ.