ಭತ್ತದ ಹುಲ್ಲಿಗೆ ಯೂರಿಯಾ ಉಪಚಾರ: ತಕ್ಕಡಿಯಿಂದ ಗೋದಲಿವರೆಗೆ

ಮಂಡ್ಯದ ನಾಲೆ ಬಯಲಲ್ಲಿ ಈಗ ಭತ್ತದ ಕೊಯ್ಲು ಬಹುಪಾಲು ಮಿಷನ್ನಿನದು. ಹುಲ್ಲು ಗದ್ದೆಯಲ್ಲೇ ಬಿದ್ದು, ಇಬ್ಬನಿಗೆ ನೆನೆದು, ಮಣ್ಣು ಹತ್ತಿಸಿಕೊಂಡು, ಕೊನೆಗೆ ರೋಲ್ ಆಗಿ ಮನೆಗೆ ಬರುತ್ತದೆ. ದನ ಅದನ್ನು ಮೂಸಿ ಅರ್ಧ ಬಿಡುತ್ತದೆ. ಹಾಗೆ ಬಿಟ್ಟ ಹುಲ್ಲು ಗೊಬ್ಬರದ ಗುಂಡಿಗೆ ಹೋಗುತ್ತದೆ, ಗದ್ದೆಯಲ್ಲೇ ಉಳಿದದ್ದಕ್ಕೆ ಬೆಂಕಿ ಬೀಳುತ್ತದೆ. ಇದೇ ಹುಲ್ಲನ್ನು ಯೂರಿಯಾ ನೀರಿನಲ್ಲಿ ಹದ ಮಾಡಿ ಹಾಕುವ ಕ್ರಮವನ್ನು ಎರಡು ಹಸುವಿನ ಲೆಕ್ಕಕ್ಕೆ ನಾವು ಹೊಂದಿಸಿಕೊಂಡಿದ್ದೇವೆ. ಇದರಲ್ಲಿ ಕೆಡುವುದೆಲ್ಲ ಕೆಡುವುದು ಕಣ್ಣಂದಾಜಿನಿಂದ. ಕೊಕ್ಕೆ ತಕ್ಕಡಿ ಇಲ್ಲದಿದ್ದರೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಮೂಲ ಅಳತೆ: 100 ಕೆಜಿ ಒಣಹುಲ್ಲು, 4 ಕೆಜಿ ಯೂರಿಯಾ, 50 ಲೀಟರ್ ನೀರು. ಒಣಗಿದ ಹುಲ್ಲಿನಲ್ಲೂ ಶೇ. 10ರಷ್ಟು ತೇವ ಇರುತ್ತದೆ. ಅದರ ಮೇಲೆ 50 ಲೀಟರ್ ಸೇರಿದಾಗ ಮೆದೆಯ ಒಟ್ಟು ತೂಕದಲ್ಲಿ ನೀರು ಶೇ. 40ರ ಹತ್ತಿರ ಬರುತ್ತದೆ. ಆ ತೇವ ಬೇಕೇಬೇಕು. ಹುಲ್ಲಿನ ಮೇಲಿರುವ ಸೂಕ್ಷ್ಮಜೀವಿಗಳ ಯೂರಿಯೇಸ್ ಎಂಬ ಕಿಣ್ವ ತೇವದಲ್ಲಿ ಮಾತ್ರ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತದೆ. ಹುಲ್ಲನ್ನು ಮೆತ್ತಗೆ ಮಾಡುವುದು ಆ ಅಮೋನಿಯಾ. ಅದು ಲಿಗ್ನಿನ್ ಎಂಬ ಅರಗದ ಗಟ್ಟಿ ಅಂಶ ಮತ್ತು ನಾರಿನ ನಡುವಿನ ಬಿಗಿಯನ್ನು ಸಡಿಲಿಸುತ್ತದೆ, ಕಡ್ಡಿ ಊದಿಕೊಳ್ಳುತ್ತದೆ, ದನದ ಮೊದಲ ಹೊಟ್ಟೆಯ (ಮೇವು ನೆನೆದು ಹುಳಿಯುವ ದೊಡ್ಡ ಕೋಣೆ, ರೂಮೆನ್) ಜೀವಾಣುಗಳಿಗೆ ನಾರಿನೊಳಗೆ ನುಗ್ಗಲು ದಾರಿಯಾಗುತ್ತದೆ. ಶೇ. 3ರಿಂದ 4ರಷ್ಟಿದ್ದ ಕಚ್ಚಾ ಪ್ರೋಟೀನ್ (ಸಾರಜನಕವನ್ನು 6.25ರಿಂದ ಗುಣಿಸಿ ಹಾಕುವ ಲೆಕ್ಕ) 7ರಿಂದ 8ಕ್ಕೆ ಏರುತ್ತದೆ. ನಮ್ಮ ಮಟ್ಟಿಗೆ ಪ್ರೋಟೀನಿಗಿಂತ ದೊಡ್ಡ ಲಾಭ, ಹಸು ಹೆಚ್ಚು ತಿನ್ನುತ್ತದೆ ಮತ್ತು ತಿಂದದ್ದು ಹೆಚ್ಚು ಅರಗುತ್ತದೆ ಎಂಬುದು.

ಇನ್ನಷ್ಟು ಯೂರಿಯಾ ಹಾಕಿದರೆ ಇನ್ನೂ ಒಳ್ಳೆಯದಲ್ಲವೇ ಎಂದು ಕೇಳುವವರು ಬಹಳ. ಅಲ್ಲ. 4 ಕೆಜಿ ಯೂರಿಯಾದಲ್ಲಿ ಶೇ. 46ರಂತೆ 1.84 ಕೆಜಿ ಸಾರಜನಕ ಇದೆ. ಪ್ರೋಟೀನ್ ಲೆಕ್ಕದಲ್ಲಿ ಅದು 11.5 ಕೆಜಿಗೆ ಸಮ. ಹುಲ್ಲು ಹಿಡಿದಿಟ್ಟುಕೊಳ್ಳುವುದು ಅದರ ಮೂರನೇ ಒಂದು ಪಾಲಿನಷ್ಟು. ಉಳಿದದ್ದು ಮೆದೆ ಬಿಚ್ಚಿದಾಗ ಗಾಳಿಗೆ ಹೋಗುತ್ತದೆ. ಅಳತೆ ಮೀರಿದ ಯೂರಿಯಾ ಹುಲ್ಲಿಗೆ ಹತ್ತುವುದಿಲ್ಲ, ದನಕ್ಕೆ ಅಪಾಯ ಮಾತ್ರ ಹೆಚ್ಚುತ್ತದೆ.

ಕೊಟ್ಟಿಗೆಯ ಎರಡು ಗೋಡೆ ಸೇರುವ ಮೂಲೆ ಒಳ್ಳೆಯ ಜಾಗ. ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲ, ಒಂದೂವರೆ ಮೀಟರ್ ಎತ್ತರಕ್ಕೆ ಚೆನ್ನಾಗಿ ತುಳಿದರೆ ಸುಮಾರು 5 ಕ್ವಿಂಟಲ್ ಹಿಡಿಯುತ್ತದೆ. ನೆಲಕ್ಕೂ ಗೋಡೆಗೂ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಅಂಚನ್ನು ಹೊರಗೆ ಉದ್ದವಾಗಿ ಬಿಡಿ. ರೋಲ್ ಬಿಚ್ಚಿ ಉದುರಿಸಲೇಬೇಕು. ರೋಲ್ ಮೇಲೆಯೇ ನೀರು ಹೊಯ್ದರೆ ಹೊರಸುತ್ತು ನೆನೆದು ನಡುವೆ ಒಣಗೇ ಉಳಿಯುತ್ತದೆ. ಬಿಚ್ಚುವಾಗಲೇ ಮಣ್ಣು ಕೊಡವಿ, ಕಪ್ಪಗೆ ಕೊಳೆತ ಭಾಗ ಆರಿಸಿ ಎಸೆಯಿರಿ. ಬೂಸಲು ಹಿಡಿದ ಹುಲ್ಲನ್ನು ಯೂರಿಯಾ ಒಳ್ಳೆಯದು ಮಾಡುವುದಿಲ್ಲ. ಇಬ್ಬನಿಯಲ್ಲಿ ನೆನೆದದ್ದನ್ನು ಮೊದಲು ಒಣಗಿಸಿ, ಆಮೇಲೆ ತೂಗಿ. ಹಸಿ ಹುಲ್ಲನ್ನು ತೂಗಿದರೆ ನೀರಿನ ತೂಕಕ್ಕೂ ಯೂರಿಯಾ ಹಾಕಿದಂತಾಗುತ್ತದೆ.

ದೊಡ್ಡ ಡ್ರಮ್ಮಿನಲ್ಲಿ ಒಟ್ಟಿಗೆ ಕರಗಿಸುವ ಕ್ರಮವನ್ನು ನಾವು ಬಿಟ್ಟಿದ್ದೇವೆ. ಮೊದಲ ಪದರಗಳಿಗೆ ಕೈ ಧಾರಾಳವಾಗುತ್ತದೆ, ಕೊನೆಯವಕ್ಕೆ ನೀರೇ ಉಳಿಯುವುದಿಲ್ಲ. ಅದರ ಬದಲು ಪದರ ಪದರಕ್ಕೂ ಪ್ರತ್ಯೇಕ ಅಳತೆ: 25 ಕೆಜಿ ಹುಲ್ಲು, 1 ಕೆಜಿ ಯೂರಿಯಾ, ಹನ್ನೆರಡೂವರೆ ಲೀಟರ್ ನೀರು. ಬಕೆಟ್ಟಿನಲ್ಲಿ ಕೋಲಿನಿಂದ ತಿರುವಿ, ತಳದಲ್ಲಿ ಒಂದು ಕಾಳೂ ಉಳಿಯದಂತೆ ಕರಗಿಸಿ. ಕರಗುವಾಗ ನೀರು ತಣ್ಣಗಾಗುತ್ತದೆ, ಅದಕ್ಕೇ ಕೊನೆಯ ಕಾಳುಗಳು ಬೇಗ ಕರಗುವುದಿಲ್ಲ, ತಾಳ್ಮೆ ಬೇಕು. ಹೂಗಿಡಕ್ಕೆ ನೀರು ಹಾಕುವ ತೂತುಮೂತಿಯ ಕ್ಯಾನಿನಲ್ಲಿ ಅರ್ಧ ಚಿಮುಕಿಸಿ, ಕವೆಗೋಲಿನಿಂದ ಹುಲ್ಲು ತಿರುವಿ, ಉಳಿದರ್ಧ ಚಿಮುಕಿಸಿ. ಆಮೇಲೆ ತುಳಿಯಿರಿ. ಅಂಚು ಮತ್ತು ಮೂಲೆಗಳನ್ನು ನಡುವಿಗಿಂತ ಹೆಚ್ಚು ತುಳಿಯಬೇಕು, ಗಾಳಿ ಉಳಿಯುವುದು ಅಲ್ಲೇ. 5 ಕ್ವಿಂಟಲಿಗೆ ಇಂಥ 20 ಪದರ. ಇಬ್ಬರಿದ್ದರೆ ಒಂದು ಬೆಳಗಿನ ಕೆಲಸ.

ಮೇಲೆ ಹಾಳೆ ಮಡಿಚಿ, ಅಂಚುಗಳನ್ನು ಒಂದರೊಳಗೊಂದು ಸುತ್ತಿ, ಮಣ್ಣು ತುಂಬಿದ ಚೀಲಗಳನ್ನು ಸಾಲಾಗಿ ಹೇರಿ. ಮಾರನೆಯ ದಿನದಿಂದ ದಿನಕ್ಕೊಮ್ಮೆ ಸುತ್ತ ಮೂಸಿ ನೋಡುವುದು ವಾಡಿಕೆ. ಹೊರಗೆ ಕಟುವಾಸನೆ ಬಂದರೆ ಎಲ್ಲೋ ತೂತಿದೆ. ಬಹುತೇಕ ಇಲಿಯ ಕೆಲಸ. ಅಂದೇ ಟೇಪ್ ಹಚ್ಚಿ. ಬೇಸಿಗೆಯಲ್ಲಿ 21 ದಿನ ಸಾಕು. ಕೊಯ್ಲು ಮುಗಿದ ಡಿಸೆಂಬರ್, ಜನವರಿಯ ಚಳಿಯಲ್ಲಿ ಯೂರಿಯೇಸ್ ನಿಧಾನವಾಗುವುದರಿಂದ ನಾಲ್ಕು ವಾರ ಬಿಡುತ್ತೇವೆ.

ಸರಿಯಾಗಿ ಹದವಾದ ಹುಲ್ಲು ಕಂದು ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಮೆತ್ತಗಿದ್ದು, ಮೂಗಿಗೆ ಕಟುವಾಗಿ ಹೊಡೆಯುತ್ತದೆ. ತೆರೆಯುವಾಗ ಗಾಳಿ ಬೆನ್ನಿಗಿರುವಂತೆ ನಿಲ್ಲಿ, ಕಣ್ಣು ಉರಿಯುತ್ತದೆ. ಹಳದಿ ಹಾಗೇ ಉಳಿದು ವಾಸನೆಯೂ ಇಲ್ಲದಿದ್ದರೆ ನೀರು ಕಡಿಮೆಯಾಗಿದೆ ಅಥವಾ ಅಮೋನಿಯಾ ಸೋರಿದೆ. ನೀರು ಕಡಿಮೆಯಾಗಿದ್ದರೆ ಒಡೆಯದ ಯೂರಿಯಾ ಹುಲ್ಲಿನಲ್ಲೇ ಕೂತಿರುತ್ತದೆ, ಅದನ್ನು ಹಾಕಲೇಬೇಡಿ. ತಳದಲ್ಲಿ ನೀರು ನಿಂತು ಲೋಳೆಯಾಗಿದ್ದರೆ ನೀರು ಹೆಚ್ಚಾಗಿದೆ. ಆ ನೀರಿನಲ್ಲಿ ಯೂರಿಯಾ ಇಳಿದಿರುತ್ತದೆ, ದನ ಬಾಯಿ ಹಾಕದಂತೆ ಮುಚ್ಚಿಬಿಡಿ. ಮೇಲ್ಪದರದಲ್ಲಿ ಅಂಗೈಯಷ್ಟು ಬೂಸಲು ಇದ್ದರೆ ಸುತ್ತಲಿನದನ್ನೂ ಸೇರಿಸಿ ತೆಗೆದು ಗುಂಡಿಗೆ ಹಾಕುತ್ತೇವೆ.

ಒಂದು ಬದಿಯಿಂದ ಆ ದಿನಕ್ಕೆ ಬೇಕಾದಷ್ಟು ತೆಗೆದು ಮತ್ತೆ ಮುಚ್ಚಿ. ತೆಗೆದದ್ದನ್ನು ನೆರಳಲ್ಲಿ ಒಂದೆರಡು ಗಂಟೆ ಹರಡಿದರೆ ತೀಕ್ಷ್ಣ ವಾಸನೆ ಇಳಿಯುತ್ತದೆ. ಬಿಸಿಲಲ್ಲಿ ದಿನವಿಡೀ ಒಣಗಿಸಿದರೆ ಗಳಿಸಿದ ಸಾರಜನಕ ಇನ್ನಷ್ಟು ಹಾರುತ್ತದೆ. ಮೊದಲ ದಿನ ಒಂದು ಕೆಜಿ, ಮಾಮೂಲಿ ಹುಲ್ಲಿನ ಜೊತೆ ಬೆರೆಸಿ. ಹತ್ತು ದಿನದಲ್ಲಿ ಪೂರ್ತಿ ಪ್ರಮಾಣಕ್ಕೆ ಬನ್ನಿ. ಹಸುವೊಂದಕ್ಕೆ ಒಣಲೆಕ್ಕದ 6 ಕೆಜಿ ಎಂದರೆ ತೇವ ಸೇರಿ ಎಂಟರಿಂದ ಒಂಬತ್ತು ಕೆಜಿ ತೂಗುತ್ತದೆ. ಜೊತೆಗೆ ಐದಾರು ಕೆಜಿ ಹಸಿಮೇವು ತಪ್ಪಿಸಬೇಡಿ, ಒಣಹುಲ್ಲಿನಲ್ಲಿ ಎ ಜೀವಸತ್ವ ಇಲ್ಲ. ಭತ್ತದ ಹುಲ್ಲಿನ ಆಕ್ಸಲೇಟ್ ಸುಣ್ಣದಂಶವನ್ನು ಕಟ್ಟಿಹಾಕುತ್ತದೆ, ರಂಜಕವೂ ಕಡಿಮೆ. ಆದ್ದರಿಂದ ಖನಿಜ ಮಿಶ್ರಣ ದಿನಕ್ಕೆ 50 ಗ್ರಾಂ, ಹಾಲು ಹೆಚ್ಚಿದ್ದರೆ 100 ಗ್ರಾಂ. ಆರು ಲೀಟರ್ ಕರೆಯುವ ಹಸುವಿಗೆ ಅರ್ಧದಿಂದ ಒಂದು ಕೆಜಿ ಹಿಂಡಿ ಇಳಿಸಲು ನಮಗೆ ಸಾಧ್ಯವಾಗಿದೆ. ಹದಿನೈದು ಲೀಟರಿನ ಸೀಮೆಹಸುವಿಗೆ ಇದನ್ನೇ ನಂಬಿ ಹಿಂಡಿ ಕಡಿದರೆ ಹಾಲೂ ಇಳಿಯುತ್ತದೆ, ಮೈಯೂ ಇಳಿಯುತ್ತದೆ.

ಆರು ತಿಂಗಳೊಳಗಿನ ಕರುವಿಗೆ ಬೇಡ, ಅದರ ಮೊದಲ ಹೊಟ್ಟೆ ಇನ್ನೂ ಬಲಿತಿರುವುದಿಲ್ಲ. ಕುದುರೆ, ಹಂದಿಗೂ ಬೇಡ. ಯೂರಿಯಾ ಕಾಕಂಬಿ ಇಟ್ಟಿಗೆಯನ್ನು ಇದರ ಜೊತೆಗೆ ನೆಕ್ಕಿಸಬೇಡಿ. ಮೆದೆಗೆ ಬೆಲ್ಲದ ನೀರನ್ನಂತೂ ಬೆರೆಸಲೇಬೇಡಿ. ರುಚಿಗೆಂದು ಹೀಗೆ ಮಾಡುವವರಿದ್ದಾರೆ. ಸಕ್ಕರೆಯಂಶವೂ ಅಮೋನಿಯಾವೂ ಮುಚ್ಚಿದ ಮೆದೆಯಲ್ಲಿ ಬಿಸಿಯಾಗಿ ಸೇರಿದರೆ ದನದ ನರಕ್ಕೆ ತಗಲುವ ವಿಷ ಹುಟ್ಟಬಹುದು, ದನ ಹುಚ್ಚೆದ್ದಂತೆ ಓಡಿ ಗೋಡೆಗೆ ಹಾಯುತ್ತದೆ. ಹಸಿರು ಆರದ ಮೇವನ್ನು ಉಪಚರಿಸಬಾರದು ಎನ್ನುವುದೂ ಇದಕ್ಕೇ. ಅವರೆ, ತೊಗರಿ, ಕಡಲೆಕಾಯಿ ಹೊಟ್ಟಿನಲ್ಲಿ ಪ್ರೋಟೀನ್ ಮೊದಲೇ ಇದೆ, ಅದಕ್ಕೆ ಯೂರಿಯಾ ದಂಡ.

ಕರಗಿಸಿದ ಬಕೆಟ್ ಕೊಟ್ಟಿಗೆಯ ಹತ್ತಿರ ಕ್ಷಣವೂ ಇರಬಾರದು. ಬಾಯಾರಿದ ಹಸು ಅದನ್ನು ಕುಡಿದರೆ ಹೊಟ್ಟೆಯುಬ್ಬರ, ನಡುಕ, ಬಾಯಲ್ಲಿ ನೊರೆ, ಏದುಸಿರು ಅರ್ಧ ಗಂಟೆಯಲ್ಲೇ ಕಾಣಿಸಬಹುದು. ಕೂಡಲೇ ಪಶುವೈದ್ಯರಿಗೆ ಫೋನ್ ಮಾಡಿ. ಅವರು ಬರುವವರೆಗೆ ಕೊಡುವುದಕ್ಕೆಂದು ನಾಲ್ಕು ಲೀಟರ್ ವಿನಿಗರ್ ಮನೆಯಲ್ಲಿ ಸದಾ ಇಟ್ಟಿರುತ್ತೇವೆ. ಅಷ್ಟೇ ತಣ್ಣೀರು ಬೆರೆಸಿ, ನೆತ್ತಿಗೆ ಹತ್ತದಂತೆ ನಿಧಾನವಾಗಿ ಕುಡಿಸಬೇಕು. ಹುಳಿ ಹೊಟ್ಟೆಯೊಳಗೆ ಅಮೋನಿಯಾ ರಕ್ತಕ್ಕೆ ಹೋಗುವುದನ್ನು ತಡೆಯುತ್ತದೆ.

ಖರ್ಚು ದೊಡ್ಡದಲ್ಲ. 45 ಕೆಜಿ ಯೂರಿಯಾ ಚೀಲ 266 ರೂಪಾಯಿ 50 ಪೈಸೆ, ಕ್ವಿಂಟಲ್ ಹುಲ್ಲಿಗೆ 24 ರೂಪಾಯಿಯೊಳಗೆ ಮುಗಿಯುತ್ತದೆ. ಹಾಳೆ ಮತ್ತು ಮೈಮುರಿತವೇ ನಿಜವಾದ ಖರ್ಚು. ಹಾಗಾಗಿ ಹೊಲದಲ್ಲಿ ನೇಪಿಯರ್ ಹಸಿಮೇವು ಯಥೇಚ್ಛ ಇರುವವರಿಗೆ ಇದನ್ನು ನಾವು ಹೇಳುವುದಿಲ್ಲ. ಹುಲ್ಲು ಹೇರಳ, ಹಸಿಮೇವು ಅಭಾವ, ಹಾಲು ಮಧ್ಯಮ ಇರುವ ಕೊಟ್ಟಿಗೆಗೆ ಇದು ಹೇಳಿ ಮಾಡಿಸಿದ್ದು.

ಎರಡು ಹಸುವಿಗೆ 5 ಕ್ವಿಂಟಲ್ ಮೆದೆ ನಲವತ್ತು ದಿನ ಬರುತ್ತದೆ. ಮೊದಲನೆಯದನ್ನು ತೆರೆದು ಹತ್ತು ದಿನದೊಳಗೆ ಎರಡನೆಯದನ್ನು ಕಟ್ಟಿ ಮುಚ್ಚಬೇಕು. ಕಟ್ಟಿದ ತಾರೀಖನ್ನು ಸೀಮೆಸುಣ್ಣದಲ್ಲಿ ಗೋಡೆಗೇ ಬರೆಯಿರಿ.