ಅಪ್ಪನ ಪೇಪರ್ ಫೈಲಿಂದ ನಮ್ಮನೆ ಹಿನ್ನೆಲೆ ಹುಡುಕಿದ್ದು

ನಮ್ಮಪ್ಪ ಸಣ್ಣ ಊರಲ್ಲಿ ವಾರಪತ್ರಿಕೆ ನಡೆಸ್ತಿದ್ರು, ಹಾಗಾಗಿ ಮನೆತನದ ವಿಷಯ ಬರೀತೀನಿ ಅಂದಾಗ ಎಲ್ರೂ ಹೇಳಿದ್ದು ನಿಂಗೇನಪ್ಪ, ಫೈಲೇ ಇದ್ಯಲ್ಲ ಅಂತ. ಹಳೇ ಸಂಚಿಕೆ ಎಲ್ಲಾ ಜೋಡಿಸಿಟ್ಟ ಫೈಲ್ ಇದೆ ನಿಜ, ಆದ್ರೆ ಅದ್ರಲ್ಲಿ ನಾವೇ ಇಲ್ಲ. ಊರೋರ ಮದುವೆ, ಸಾವು, ಸನ್ಮಾನ ಎಲ್ಲಾ ಇದೆ, ನಮ್ಮನೆ ಸುದ್ದಿ ಮಾತ್ರ ಅಪ್ಪ ಹಾಕ್ತಾನೇ ಇರ್ಲಿಲ್ಲ, ಜಾಗ ದಂಡ ಅನ್ನೋರು.

ಆಮೇಲೆ ನಾನು ಸುದ್ದಿ ಓದೋದು ಬಿಟ್ಟು ಕೊನೇ ಪುಟದ ಬುಡದಲ್ಲಿ ಸಣ್ಣಕ್ಷರದಲ್ಲಿ ಇರುತ್ತಲ್ಲ, ಸಂಪಾದಕರು ಯಾರು, ಮುದ್ರಕರು, ಪ್ರಕಾಶಕರು ಯಾರು, ಯಾವ ಪ್ರೆಸ್ಸು ಅಂತ, ಅದನ್ನೇ ಹಿಡ್ಕೊಂಡೆ. 1867ರ ಪತ್ರಿಕೆ-ಪುಸ್ತಕ ನೋಂದಣಿ ಕಾಯ್ದೆ ಇದ್ದಷ್ಟು ಕಾಲ ಅದನ್ನ ಹಾಕ್ಲೇಬೇಕಿತ್ತು, ಅಚ್ಚು ಹಾಕೋ ಜಾಗ ಬದಲಾದ್ರೂ ಮ್ಯಾಜಿಸ್ಟ್ರೇಟ್ ಮುಂದೆ ಹೊಸ ಡಿಕ್ಲರೇಷನ್ ಕೊಡ್ಬೇಕಿತ್ತು. ಎಲ್ಲಾ ಸಂಚಿಕೆ ನೋಡೋದೇನು ಬೇಕಿಲ್ಲ, ವರ್ಷದ ಮೊದಲನೇದು ಕೊನೇದು ತೆಗೆದು, ಸಾಲು ಬದಲಾಗಿದ್ರೆ ಮಾತ್ರ ನಡುವಿನದು ಹುಡುಕಿದ್ರೆ ಸಾಕು. ಹಳೇ ನ್ಯೂಸ್‌ಪ್ರಿಂಟ್ ಮೂಲೆ ಹಿಡಿದು ತಿರುವಿದ್ರೆ ಪುಡಿಯಾಗುತ್ತೆ, ಎರಡೂ ಕೈ ಹಾಕಿ ತಿರುಗಿಸಿ ಮೊಬೈಲಲ್ಲಿ ಫೋಟೋ ತಗೊಳ್ಳಿ, ಸೆಲೋಟೇಪ್ ಅಂತೂ ಹಚ್ಚಲೇಬೇಡಿ.

ಮೊದಮೊದಲು ಮುದ್ರಕರು ಅಜ್ಜ. ಆಮೇಲೆ ಇದ್ದಕ್ಕಿದ್ದ ಹಾಗೆ ಬೇರೆಯವರ ಪ್ರೆಸ್ ವಿಳಾಸ, ಪ್ರಕಾಶಕರು ಅಂತ ಅಮ್ಮನ ಹೆಸರು! ಪುಟ ತೋರಿಸಿ ಕೇಳಿದ್ರೆ ಅಮ್ಮ, "ಅಜ್ಜ ಹೋದ್ಮೇಲೆ ಪಾಲಾಯ್ತಲ್ಲೋ, ಟ್ರೆಡಲ್ ಮೆಷಿನ್ ಚಿಕ್ಕಪ್ಪನ ಪಾಲಿಗೆ ಹೋಯ್ತು" ಅಂದ್ಲು. ಟ್ರೆಡಲ್ ಅಂದ್ರೆ ಕಾಲಲ್ಲಿ ತುಳಿದು ನಡೆಸೋ ಅಚ್ಚಿನ ಯಂತ್ರ. ಅಷ್ಟು ವರ್ಷದಲ್ಲಿ ಒಂದು ಸಲನೂ ಬಾಯಿಬಿಟ್ಟವಳಲ್ಲ. ಬರೀ ಹೆಸರಿಗೆ ಪ್ರಕಾಶಕಿ ಅಂದ್ಕೊಂಡ್ರೆ ಅದೂ ಅಲ್ಲ, ಅಚ್ಚಾದ್ಮೇಲೆ ಮೊಳೆಗಳನ್ನ, ಅಂದ್ರೆ ಒಂದೊಂದೇ ಅಕ್ಷರದ ಸೀಸದ ಅಚ್ಚುಗಳನ್ನ, ಬಿಚ್ಚಿ ಖಾನೆಗೆ ಹಾಕ್ತಿದ್ದವಳೇ ಅವಳು, ಕನ್ನಡದಲ್ಲಿ ಕಾಗುಣಿತ ಒತ್ತು ಎಲ್ಲಾ ಸೇರಿ ಎಷ್ಟು ಖಾನೆ ಆಗುತ್ತೆ ಲೆಕ್ಕ ಹಾಕಿ.

ಇನ್ನೊಂದು ದಾರಿ ಸಿಕ್ಕಿದ್ದು ಜಾಬ್ ವರ್ಕ್, ಅಂದ್ರೆ ಬೇರೆಯವರಿಗೆ ಅಚ್ಚು ಹಾಕಿ ಕೊಡ್ತಿದ್ದ ಕೆಲಸದ ಕಟ್ಟಲ್ಲಿ. ಪೇಪರ್ ನಡೀತಿದ್ದಿದ್ದೇ ಲಗ್ನಪತ್ರಿಕೆ, ಕರಪತ್ರ, ಬಿಲ್ ಬುಕ್ ದುಡ್ಡಲ್ಲಿ. ದೊಡ್ಡ ಸೈಜಿನ "ಶ್ರೀ" ನಮ್ಮಲ್ಲಿ ಒಂದೇ ಇದ್ದಿದ್ದು, ಅದರ ತಲೆ ಮೇಲಿನ ಗುಡಿಸು ಸ್ವಲ್ಪ ಮುರಿದಿದೆ. ಪ್ರೆಸ್ ಹೆಸರು, ಇಸವಿ ಎರಡೂ ಇಲ್ಲದ ಅತ್ತೆ ಮದುವೆ ಪತ್ರಿಕೇಲೂ ಅದೇ ಮುರುಕು ಶ್ರೀ, ಪೇಪರಲ್ಲಿ ಅದು ಯಾವಾಗಿಂದ ಮುರಿದಿದೆ ಅಂತ ನೋಡಿದ್ರೆ ಮದುವೆ ಸುಮಾರು ಯಾವಾಗ ಅಂತ ಗೊತ್ತಾಯ್ತು, ಮೆಷಿನ್ ಕೈಬಿಡೋಕೆ ಮುಂಚೆನೇ.

ಬರೆದದ್ದನ್ನ ಚಿಕ್ಕಪ್ಪಂಗೆ ತೋರಿಸಿದ್ರೆ, ಪಾಲೂ ಇಲ್ಲ ಏನೂ ಇಲ್ಲ, ಮೆಷಿನ್ ನಾನು ದುಡ್ಡು ಎಣಿಸಿ ಕೊಟ್ಟು ತಗೊಂಡಿದ್ದು ಅಂದ್ರು. ಇಬ್ಬರ ಮಾತೂ ಹಾಕಿದ್ದೀನಿ, ಯಾರು ಹೇಳಿದ್ದು ಅಂತ ಪಕ್ಕದಲ್ಲಿ ಬರೆದು.