ಮಸಿಂಡಿಯ ತಮ್ಮನ ಮನೆಗೆ ಹೋಗಿದ್ದು

ನನ್ನ ತಮ್ಮ ಉಗಾಂಡದ ಮಸಿಂಡಿ ಕಡೆ ಸಕ್ಕರೆ ಕಾರ್ಖಾನೆಯಲ್ಲಿ ಎಂಜಿನಿಯರ್. "ಬಾ ಅಕ್ಕಾ, ಆದ್ರೆ ಕಬ್ಬು ಅರೆಯೋ ಟೈಮಲ್ಲಿ ರಜೆ ಕೇಳ್ಬೇಡ" ಎಂದು ಮೊದಲೇ ಹೇಳಿದ್ದ. ಹಾಗಾಗಿ ಪ್ರವಾಸದ ಆಸೆ ಬಿಟ್ಟು, ಅವನ ಮನೆಯಲ್ಲಿ ಇದ್ದು ಬರೋಣ ಅಂತಲೇ ಹೊರಟೆ.

ಟಿಕೆಟ್‌ಗಿಂತ ಮೊದಲು ನೋಡಿಕೊಳ್ಳಬೇಕಾದದ್ದು ಹಳದಿ ಜ್ವರದ ಲಸಿಕೆ. ಎಲ್ಲ ಆಸ್ಪತ್ರೆಯಲ್ಲೂ ಹಾಕುವುದಿಲ್ಲ, ಸರ್ಕಾರ ಗೊತ್ತು ಮಾಡಿದ ಕೆಲವೇ ಕೇಂದ್ರಗಳಲ್ಲಿ ಹಾಕುತ್ತಾರೆ. ಲಸಿಕೆ ಹಾಕಿಸಿಕೊಂಡದ್ದಕ್ಕೆ ಪುರಾವೆಯಾಗಿ ಹಳದಿ ಕಾರ್ಡು ಕೊಡುತ್ತಾರೆ, ಹಾಕಿಸಿಕೊಂಡು 10 ದಿನ ಆದಮೇಲೆ ಅದು ಚಾಲ್ತಿಗೆ ಬರುತ್ತದೆ, ಆಮೇಲೆ ಜೀವನಪೂರ್ತಿ ನಡೆಯುತ್ತದೆ. ವಾಪಸ್ ಬರುವಾಗಲೂ ಕಾರ್ಡು ಕೈಯಲ್ಲಿರಬೇಕು. ಇಲ್ಲದಿದ್ದರೆ ನಮ್ಮ ದೇಶದಲ್ಲೇ 6 ದಿನದವರೆಗೆ ಬೇರೆ ಇರಿಸಬಹುದು. ಅಮ್ಮನೂ ಬರ್ತೀನಿ ಅಂತ ಹಠ ಹಿಡಿದಿದ್ದರು. 60 ದಾಟಿದವರಿಗೆ ಈ ಲಸಿಕೆ ಕೊಡಲು ಡಾಕ್ಟರು ಹಿಂದೆಮುಂದೆ ನೋಡುತ್ತಾರೆ. ನಮ್ಮ ಡಾಕ್ಟರು ಬೇಡ ಅಂದರು. ಅಮ್ಮ ಆ ಸಿಟ್ಟನ್ನೆಲ್ಲ ಹುಳಿಪುಡಿ ಕುಟ್ಟೋದರಲ್ಲಿ ತೀರಿಸಿಕೊಂಡು, ಮಗನಿಗೆ ಡಬ್ಬಿಗಟ್ಟಲೆ ಕಳಿಸಿದರು.

ಎಂಟೆಬೆ ವಿಮಾನ ನಿಲ್ದಾಣದಲ್ಲಿ ಇಳಿದು, ರಾಜಧಾನಿ ಕಂಪಾಲದ ಟ್ರಾಫಿಕ್ ದಾಟಿ, ಗುಲು ರಸ್ತೆ ಹಿಡಿಯಬೇಕು. ಲುವೇರೊ ಹತ್ತಿರ ರಸ್ತೆ ಬದಿಯಲ್ಲಿ ಅನಾನಸ್ ರಾಶಿ. ಕಾಫು ಬಳಿ ಎಡಕ್ಕೆ ತಿರುಗಿದರೆ ಮಸಿಂಡಿ ದಾರಿ. ಚಾರ್ಜರಿಗೆ ಚೌಕ ಕಾಲಿನ ಮೂರು ಪಿನ್ನಿನ ಅಡಾಪ್ಟರ್ ಬೇಕು, ಇಲ್ಲಿಂದಲೇ ಒಯ್ಯಿರಿ.

ರಾಗಿ ಹಿಟ್ಟು ಮಾತ್ರ ಹೊತ್ತುಕೊಂಡು ಹೋಗಬೇಡಿ. ರಾಗಿಯ ತವರೇ ಆ ಪೂರ್ವ ಆಫ್ರಿಕಾದ ಎತ್ತರದ ನಾಡು, ಅಲ್ವಾ? ಪಕ್ಕದ ಮನೆಯಾಕೆ ಒಂದು ಸಂಜೆ ಕಾಲೊ ಮಾಡಿ ತೋರಿಸಿದರು. ಕುದಿಯುವ ನೀರಿಗೆ ರಾಗಿ ಹಿಟ್ಟು, ಜೊತೆಗೆ ಮರಗೆಣಸಿನ ಹಿಟ್ಟು. ಮರದ ಕೋಲಲ್ಲಿ ತಿರುವುತ್ತಾ ತಿರುವುತ್ತಾ ಅವರ ಹಣೆ ಬೆವರಿತು. ಥೇಟ್ ನಮ್ಮ ಮುದ್ದೆಯೇ, ಆದರೆ ಮರಗೆಣಸಿನಿಂದಾಗಿ ಅಂಟು ಜಾಸ್ತಿ, ಎಳೆದರೆ ಹಿಗ್ಗುತ್ತದೆ. ಮುಚ್ಚಳದ ಸಣ್ಣ ಬುಟ್ಟಿಯಲ್ಲಿ ಬಿಸಿಬಿಸಿ ಇಟ್ಟು, ಕಡಲೆಕಾಯಿ ಗೊಜ್ಜಿನ ಜೊತೆ ಕೊಟ್ಟರು. ನಾನು ಅಮ್ಮನ ಹುಳಿಪುಡಿಯ ಸಾರನ್ನೂ ಮುಂದಿಟ್ಟೆ. ಒಂದು ತುತ್ತು ಅದ್ದಿ ತಿಂದು ನಕ್ಕರು, ಇನ್ನೊಂದು ತುತ್ತಿಗೆ ಕೈ ಹಾಕಲಿಲ್ಲ.

ಮಸಿಂಡಿ ಇರುವ ಬುನ್ಯೋರೊ ಸೀಮೆಯ ಜನರಲ್ಲಿ ಎಂಪಾಕೊ ಅಂತ ಮುದ್ದಿನ ಹೆಸರಿರುತ್ತದೆ. ಊರಿಗೆಲ್ಲ ಸೇರಿ 12 ಹೆಸರು, ಅದರಲ್ಲಿ ಒಕಾಲಿ ರಾಜನಿಗೇ ಮೀಸಲು. ಪ್ರೀತಿ, ಗೌರವ ಎರಡಕ್ಕೂ ಅದೇ ಹೆಸರು ಹಿಡಿದು ಮಾತಾಡಿಸುತ್ತಾರೆ. ಅವತ್ತಿಂದ ನಾನು ಪಕ್ಕದ ಮನೆಯಾಕೆಗೆ ಅಕೀಕಿ. ತಮ್ಮನಿಗೆ ಆಗಲೇ ಒಂದು ಹೆಸರು ಇತ್ತಂತೆ, ಮಹಾಶಯ ಮನೆಗೆ ಹೇಳೇ ಇರಲಿಲ್ಲ. ಅವನು ಪಾಳಿ ಮುಗಿಸಿ ಮಲಗಿದಾಗ ನಾನು ಪಕ್ಕದ ಮನೆಯಾಕೆ ಜೊತೆ ಸಂತೆಗೆ ಹೋಗುತ್ತಿದ್ದೆ. ಹೊತ್ತು ಹೋಗಿದ್ದೇ ತಿಳಿಯಲಿಲ್ಲ. ಮರ್ಚಿಸನ್ ಜಲಪಾತಕ್ಕೂ ಒಂದು ಭಾನುವಾರ ಹೋಗಿ ಬಂದೆವು. ಚೆನ್ನಾಗಿದೆ, ಖರ್ಚೂ ಹಾಗೇ ಇದೆ.

ಮಲೇರಿಯಾ ಮಾತ್ರೆಯನ್ನು ಊರಿಗೆ ಬಂದ ಮೇಲೂ ಡಾಕ್ಟರು ಹೇಳಿದಷ್ಟು ದಿನ ನುಂಗಬೇಕು. ಆಮೇಲೆ ತಿಂಗಳುಗಳು ಕಳೆದು ಜ್ವರ ಬಂದರೂ, ಉಗಾಂಡಕ್ಕೆ ಹೋಗಿದ್ದೆ ಅಂತ ಮೊದಲು ಹೇಳಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ.